ಶಮೆಯೂ ದಮೆಯೂ

ಎರಡು ಭಾಷೆಗಳ ನಡುವೆ ಬಾಳುವ ನಮಗೆ ಒಂದೇ ಮಾತನ್ನು ಎರಡು ಬಗೆಯಲ್ಲಿ ಓದುವ ಭಾಗ್ಯವಿದೆ. ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ದೇವರಾತ್ಮನಿಂದ ಉಂಟಾಗುವ ಫಲವನ್ನು ಒಂಬತ್ತು ಗುಣಗಳಾಗಿ ಎಣಿಸುತ್ತಾನೆ. ಮೊದಲನೆಯದು ಪ್ರೀತಿ, ಕೊನೆಯದು ಆತ್ಮಸಂಯಮ. ಈ ಕೊನೆಯ ಗುಣಕ್ಕೆ ಹಳೆಯ ಮಲಯಾಳ ಸತ್ಯವೇದದಲ್ಲಿ ‘ಇಂದ್ರಿಯಜಯಂ’ ಎಂದಿದೆ. ಹಳೆಯ ಕನ್ನಡ ಸತ್ಯವೇದದಲ್ಲಿ ‘ಶಮೆದಮೆ’ ಎಂದಿದೆ. ನಾನು ದೇವಶಾಸ್ತ್ರ ಓದಿದವನಲ್ಲ, ಬ್ಯಾಂಕಿನ ಗುಮಾಸ್ತ. ಆದರೂ ಈ ಎರಡು ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಸಂಯಮವೆಂದರೆ ಗೆಲ್ಲುವುದೋ, ಬೆಳೆಯುವುದೋ?

‘ಜಯ’ ಎಂಬ ಮಾತಿಗೆ ಅದರದೇ ಸತ್ಯವಿದೆ. ನಾಲಿಗೆ, ಕಣ್ಣು, ಕೈ ಇವು ಸುಮ್ಮನೆ ನಮ್ಮ ಮಾತು ಕೇಳುವುದಿಲ್ಲ, ಹೋರಾಟ ಬೇಕು ಎಂಬುದನ್ನು ಅದು ನೆನಪಿಸುತ್ತದೆ. ಆದರೆ ಜಯವೆಂದಾಗ ಯುದ್ಧ ಮುಗಿಯಿತೆಂಬ ಭಾವ ಬರುತ್ತದೆ, ಗೆದ್ದವನು ನಾನೆಂಬ ಹೆಮ್ಮೆಯೂ ಅದರ ಹಿಂದೆಯೇ ಬರುತ್ತದೆ. ಈಸ್ಟರಿನ ಮೊದಲಿನ 40 ದಿನ ಮಾಂಸವನ್ನೂ ಮದ್ಯವನ್ನೂ ಮುಟ್ಟದೆ, ಹಬ್ಬದ ದಿನ ಬಡ್ಡಿ ಸಮೇತ ವಸೂಲು ಮಾಡುವವರನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಗೆದ್ದದ್ದು ಯಾರು?

ಕನ್ನಡದ ಪದವು ಒಂದೇ ಉಸಿರಿನಲ್ಲಿ ಎರಡನ್ನು ಹೇಳುತ್ತದೆ. ದಮೆಯೆಂದರೆ ಇಂದ್ರಿಯಗಳನ್ನು ಹಿಡಿದು ನಿಲ್ಲಿಸುವುದು. ಶಮೆಯೆಂದರೆ ಮನಸ್ಸೇ ಶಾಂತವಾಗುವುದು. ವೇದಾಂತದಲ್ಲಿ ಸಾಧಕನಿಗೆ ಬೇಕಾದ ಆರು ಸಂಪತ್ತುಗಳಲ್ಲಿ ಮೊದಲೆರಡು ಇವೇ. ಪೌಲನು ಬಳಸಿದ ಗ್ರೀಕ್ ಪದ ‘ಎಂಕ್ರಾತೇಯಾ’. ಅವನಿಗಿಂತ ಸುಮಾರು ನಾಲ್ಕು ಶತಮಾನ ಮೊದಲು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ 7ನೆಯ ಭಾಗದಲ್ಲಿ ಇದೇ ಪದವನ್ನು ಚರ್ಚಿಸಿದ್ದಾನೆ. ಕೆಟ್ಟ ಬಯಕೆ ಒಳಗಿದ್ದರೂ ಅದಕ್ಕೆ ಮಣಿಯದವನು ಒಬ್ಬ, ಅಂಥ ಬಯಕೆಯೇ ಏಳದವನು ಇನ್ನೊಬ್ಬ ಎಂದು ಅವನು ಬೇರ್ಪಡಿಸುತ್ತಾನೆ. ‘ಎಂಕ್ರಾತೇಯಾ’ ಮೊದಲನೆಯವನ ಗುಣ. ಹೋರಾಟ ಇನ್ನೂ ನಡೆಯುತ್ತಿರುವವನ ಗುಣವದು. ಇದರಲ್ಲಿ ನಮ್ಮಂಥವರಿಗೆ ಸಮಾಧಾನವಿದೆ. ಬಯಕೆ ಎದ್ದಿತೆಂಬ ಕಾರಣಕ್ಕೇ ನಾವು ಸೋತವರಲ್ಲ. ದಮೆಯಿಂದ ತೊಡಗಿ ಶಮೆಯತ್ತ ನಡೆಯಬೇಕು. ಆ ನಡಿಗೆಯೇ ಬೆಳವಣಿಗೆ.

ಆದರೆ ಎಲ್ಲ ತಡೆಯೂ ಸಂಯಮವಲ್ಲ. ಕೌಂಟರಿನ ಹಿಂದೆ ಕುಳಿತವನು ಎಷ್ಟೇ ಬೈಗಳು ಕೇಳಿದರೂ ನಗುತ್ತಾನೆ. ಮೇಲೆ ಅಧಿಕಾರಿ ಇದ್ದಾರೆ, ದೂರು ಹೋದರೆ ಕೆಲಸಕ್ಕೆ ಕುತ್ತು. ಅದೇ ಮನುಷ್ಯ ಸಂಜೆ ಮನೆಗೆ ಬಂದು ಚಹಾ ತಣ್ಣಗಾಯಿತೆಂದು ಹೆಂಡತಿಯ ಮೇಲೆ ಹರಿಹಾಯ್ದರೆ, ಹಗಲಿಡೀ ಅವನಲ್ಲಿದ್ದುದು ಭಯ ಮಾತ್ರ. ಬಲವಂತರ ಮುಂದೆ ಕೋಪ ತಡೆಯಲು ಯಾರಿಗೂ ಬರುತ್ತದೆ. ತಿರುಗಿ ಮಾತಾಡಲಾರದವರ ಮುಂದೆ ತಡೆಯುವುದೇ ಪರೀಕ್ಷೆ.

ಹಾಗಾದರೆ ಬೆಳೆಯುವುದು ಹೇಗೆ? ನಮ್ಮ ಅಡಿಕೆ ತೋಟಗಳು ಒಂದು ಪಾಠ ಹೇಳುತ್ತವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಕೊಳೆರೋಗಕ್ಕೆ ಮದ್ದು ಬಿಡುತ್ತೇವೆ. ಅದನ್ನು ಮಳೆ ಹಿಡಿಯುವ ಮೊದಲೇ ಬಿಡಬೇಕು. ಗೊನೆ ಕೊಳೆತು ಕಾಯಿ ಉದುರಲು ತೊಡಗಿದ ಮೇಲೆ ಓಡಾಡಿ ಹೆಚ್ಚು ಫಲವಿಲ್ಲ. ಅಷ್ಟೇ ಅಲ್ಲ, ಒಮ್ಮೆ ಬಿಟ್ಟರೆ ಸಾಲದು, 40–45 ದಿನಗಳಲ್ಲಿ ಮತ್ತೊಮ್ಮೆ ಬೇಕು. ಕೋಪವೂ ಕುಡಿತವೂ ಹಾಗೆಯೇ. ಗಡಂಗಿನ ಬಾಗಿಲಲ್ಲಿ ನಿಂತು ಯೋಚಿಸುವವನಿಗಿಂತ, ಸಂಜೆ ಆ ದಾರಿಯಾಗಿ ಬರಲಾರೆನೆಂದು ಬೆಳಗ್ಗೆಯೇ ನಿಶ್ಚಯಿಸಿದವನಿಗೆ ಕೆಲಸ ಹಗುರ. ಮುಂಜಾನೆಯ ಪ್ರಾರ್ಥನೆಯನ್ನು ನಾನು ಹೀಗೆಯೇ ತಿಳಿದಿದ್ದೇನೆ.

ಬ್ಯಾಂಕಿನಿಂದ ನಾನು ಕಲಿತದ್ದು ಇನ್ನೊಂದು. ನಗದು ಇಡುವ ಕೋಣೆಗೆ ಎರಡು ಬೀಗದ ಕೈಗಳು, ಇಬ್ಬರ ಕೈಯಲ್ಲಿ. ಒಬ್ಬನೇ ತೆರೆಯಲಾರ. ಇದು ಯಾರನ್ನೂ ಕಳ್ಳನೆನ್ನುವ ವ್ಯವಸ್ಥೆಯಲ್ಲ; ಪ್ರಾಮಾಣಿಕನನ್ನು ದುರ್ಬಲ ಗಳಿಗೆಯಿಂದ ಕಾಯುವ ವ್ಯವಸ್ಥೆ. ಸಾಲದ ಚಟ, ಲಾಟರಿಯ ಚಟ, ಕೈಯಲ್ಲಿರುವ ಮೊಬೈಲಿನ ಚಟ ಇರುವವರು ಎರಡನೆಯ ಕೀಲಿಯನ್ನು ಹೆಂಡತಿಗೋ ಅಣ್ಣನಿಗೋ ಸ್ನೇಹಿತನಿಗೋ ಕೊಡಲಿ. ‘ನನ್ನನ್ನು ನಾನೇ ನೋಡಿಕೊಳ್ಳುತ್ತೇನೆ’ ಎಂಬ ಮಾತು ಕೇಳಲು ಧೀರವಾಗಿದೆ. ಆದರೆ ಕ್ರೈಸ್ತನು ಒಬ್ಬಂಟಿಯಾಗಿ ನಡೆಯಬೇಕೆಂದು ಎಲ್ಲಿಯೂ ಹೇಳಿಲ್ಲ.

ಮುಂದೂಡುವುದೂ ಒಂದು ಅಪಾಯವೇ. ಅಪೊಸ್ತಲರ ಕೃತ್ಯಗಳ 24ನೆಯ ಅಧ್ಯಾಯದಲ್ಲಿ ಸೆರೆಯಾಳಾದ ಪೌಲನು ದೇಶಾಧಿಪತಿ ಫೇಲಿಕ್ಸನ ಮುಂದೆ ನ್ಯಾಯ, ಸಂಯಮ, ಮುಂದೆ ಬರುವ ತೀರ್ಪು ಇವುಗಳ ವಿಷಯ ಮಾತಾಡುತ್ತಾನೆ. ಫೇಲಿಕ್ಸನು ಹೆದರುತ್ತಾನೆ, ಬಿಡುವಾದಾಗ ಕರೆಯುವೆನೆಂದು ಹೇಳಿ ಕಳುಹಿಸುತ್ತಾನೆ. ಒಳಗೆ ಲಂಚದ ಆಸೆಯಿತ್ತು. ಎರಡು ವರ್ಷ ಮತ್ತೆಮತ್ತೆ ಕರೆಸಿ ಮಾತಾಡಿಸಿದನು, ಕಡೆಗೂ ಪೌಲನನ್ನು ಸೆರೆಯಲ್ಲೇ ಬಿಟ್ಟುಹೋದನು. ಉಪದೇಶ ಕೇಳಿ ನಡುಗುವುದು ಬೇರೆ, ಬದಲಾಗುವುದು ಬೇರೆ.

ಇಷ್ಟೆಲ್ಲ ಶ್ರಮ ನಮ್ಮದೇ ಆದರೆ ಪೌಲನು ಅದನ್ನು ಆತ್ಮನ ಫಲವೆಂದದ್ದೇಕೆ ಎಂದು ಕೇಳಬಹುದು. ತೋಟಗಾರನೇ ಉತ್ತರ. ಗುಂಡಿ ತೋಡುವುದು, ನೀರು ಹಾಯಿಸುವುದು, ಮದ್ದು ಬಿಡುವುದು ಅವನ ಕೆಲಸ. ಅಡಿಕೆಯನ್ನು ಅವನು ತಯಾರಿಸಲಾರ. ಸಸಿ ನೆಟ್ಟು ಐದಾರು ವರ್ಷವಾದರೂ ಕಾಯಬೇಕು. ಫಲವು ದಾನವೆಂದು ತಿಳಿದವನು ಸುಮ್ಮನೆ ಕೂರುವುದಿಲ್ಲ, ಫಲ ಬಂದಾಗ ಬೀಗುವುದೂ ಇಲ್ಲ. ಇಂದು ಬಿದ್ದವನನ್ನು ಕಂಡು ನಗುವ ಧೈರ್ಯವೂ ಅವನಿಗೆ ಬಾರದು.

ಪಟ್ಟಿಯ ಆರಂಭದಲ್ಲಿ ಪ್ರೀತಿ ಇರುವುದನ್ನು ಮರೆಯಬಾರದು. ಪ್ರೀತಿಯಿಲ್ಲದ ಸಂಯಮ ಬರೇ ಬಿಗಿತ. ಅಂಥವರ ಮನೆಯಲ್ಲಿ ಮಕ್ಕಳು ಮೆಲ್ಲಗೆ ನಡೆಯುತ್ತಾರೆ. ನನ್ನಲ್ಲಿ ಸಂಯಮ ಬೆಳೆದಿದೆಯೇ ಎಂಬ ಲೆಕ್ಕವನ್ನು ನಾನೇ ಬರೆದರೆ ಸರಿಹೋಗದು. ತಪ್ಪು ಮಾಡಿದ ಮಗು ಹೆದರದೆ ಬಂದು ಹೇಳುವಂತಾಗಿದೆಯೇ, ವಯಸ್ಸಾದ ಅಮ್ಮ ಅದೇ ಮಾತನ್ನು ಮೂರನೆಯ ಸಲ ಕೇಳಲು ಹಿಂಜರಿಯದಂತಾಗಿದೆಯೇ ಎಂದು ನೋಡಬೇಕು. ಆ ಲೆಕ್ಕ ತಪಾಸಣೆ ಮಾಡುವವರು ನಮ್ಮ ಮನೆಯವರು.