ಕರುಣರಸವೂ ನಮ್ಮ ಕರುಣೆಯೂ

ದುಃಖದ ಕಥೆಯನ್ನೋದಿ ಸುಖಪಡುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಎತ್ತಿಕೊಂಡರು. ಕಾವ್ಯದ ಶೋಕ ನಮ್ಮದೂ ಅಲ್ಲ, ಪರರದೂ ಅಲ್ಲ. ಆದುದರಿಂದಲೇ ಅದು ಕರುಣರಸವಾಗುತ್ತದೆ ಎಂಬುದು ಅವರು ಕೊಟ್ಟ ಸಮಾಧಾನ. ಸೀತೆಯ ಕಣ್ಣೀರಿಗೆ ಈ ಮಾತು ಒಪ್ಪೀತು. ದಲಿತರ ಬವಣೆಯನ್ನು ಹೇಳುವ ಕಾದಂಬರಿಗೂ ಒಪ್ಪುವುದೆ? ಅಲ್ಲಿಯ ಶೋಕವನ್ನು ಅನುಭವಿಸುವವರು ನಮ್ಮ ಊರಿನಲ್ಲಿಯೇ ಇದ್ದಾರೆ. ಅದಕ್ಕೆ ಕಾರಣರಾದವರಲ್ಲಿ ನಾವೂ ಸೇರಿರಬಹುದು.

1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ನೋಡೋಣ. ಚೋಮನಿಗೆ ಒಂದು ಜೊತೆ ಎತ್ತುಗಳಿವೆ, ಉಳಲು ನೆಲವಿಲ್ಲ. ಅಸ್ಪೃಶ್ಯನು ಬೇಸಾಯಗಾರನಾಗಬಾರದೆಂಬುದು ಊರಿನ ಕಟ್ಟಳೆ. ಓದುವಾಗ ನಾವೆಲ್ಲ ಚೋಮನ ಪಕ್ಷವನ್ನೇ ವಹಿಸುತ್ತೇವೆ. ಆದರೆ ಆ ಕಾದಂಬರಿಯಲ್ಲಿ ನಮ್ಮನ್ನು ಹೋಲುವವನು ಚೋಮನಲ್ಲ, ಅವನ ಒಡೆಯ ಸಂಕಪ್ಪಯ್ಯ. ಆತ ಕ್ರೂರಿಯಲ್ಲ. ನೆಲ ಕೊಡೋಣವೆಂದು ಅವನ ಮನಸ್ಸೂ ಒಲಿಯುತ್ತದೆ. ತಾಯಿ ಬೇಡವೆಂದಾಗ ಸುಮ್ಮನಾಗುತ್ತಾನೆ. ಚೋಮನ ಮಗ ನೀಲ ಮುಳುಗುವಾಗಲೂ ದಡದಲ್ಲಿದ್ದವರು ಕೊಂದವರಲ್ಲ, ಮುಟ್ಟದೆ ನಿಂತವರು.

ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಆದರೆ ನಾಟಿಗೆ ಬಗ್ಗುವ ಬೆನ್ನುಗಳಲ್ಲಿ ಆ ನೆಲದ ಒಡೆತನವಿಲ್ಲದವು ಬಹಳ. ಅಂಥ ಮನೆಯಿಂದ ಬಂದ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ಕೇಳಿದ: “ಒಂದ್ ತುಂಡು ನೆಲ ಕೊಟ್ಟಿದ್ರ ಸಂಕಪ್ಪಯ್ಯಗ ಏನ್ ಕಮ್ಮಿ ಆಗ್ತಿತ್ರೀ ಸರ್?” ಕರುಣರಸದ ಲಕ್ಷಣವನ್ನು ಹೇಳಿ ಈ ಪ್ರಶ್ನೆಗೆ ಉತ್ತರ ಕೊಡಲಾಗದು.

ಇದು ಕಾದಂಬರಿಯ ಕಾಲಕ್ಕೆ ಮುಗಿದ ಮಾತೂ ಅಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಸೇರಿಸದಿರುವ ಜಗಳ ಬೆಳೆದು, 2014ರ ಆಗಸ್ಟಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕೈಮಾಡಿದವರನ್ನು ಕಾನೂನು ವಿಚಾರಿಸುತ್ತದೆ. ಎಲ್ಲಿಯೇ ಆಗಲಿ, ಕೈಕಟ್ಟಿ ನಿಂತವರನ್ನು ವಿಚಾರಿಸುವವರು ಯಾರು? ಅವರವರ ಮನಸ್ಸೇ ವಿಚಾರಿಸಬೇಕು. ಸಾಹಿತ್ಯ ಆ ಮನಸ್ಸನ್ನು ಎಬ್ಬಿಸಬಲ್ಲುದು.

ಅದು ಬರಿಯ ಮರುಕದಿಂದ ಆಗುವ ಕೆಲಸವಲ್ಲ. ಮರುಕ ಮೇಲಿನಿಂದ ಕೆಳಕ್ಕೆ ಹರಿಯುವಂಥದು. ಅದು ಹರಿಯಬೇಕಾದರೆ ಮೇಲು ಕೀಳು ಉಳಿದಿರಲೇಬೇಕು. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ, ಬೈಯುತ್ತಾಳೆ, ಮನೆಮಂದಿ ಕೂಡಿ ಕಡಲೆಕಾಯಿ ತಿಂದು ನಲಿಯುತ್ತಾರೆ. ಹಸಿವು ಅಲ್ಲಿಯೂ ಇದೆ, ಪೊಲೀಸರೂ ಬರುತ್ತಾರೆ. ಆದರೆ ಅವರಾರೂ ನಮ್ಮ ಕಣ್ಣೀರಿಗಾಗಿ ಕಾದು ಕುಳಿತಿಲ್ಲ. ನಾವು ಅವರನ್ನು ಸರಿಸಮರಾಗಿ ಕಾಣಬೇಕಾಗುತ್ತದೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ದಾರಿಯಲ್ಲಿ ಮಸ್ಕಿಯಿದೆ. 1915ರಲ್ಲಿ ಅಲ್ಲಿ ದೊರೆತ ಶಾಸನದಲ್ಲಿ ಅಶೋಕನ ಹೆಸರಿದೆಯೆಂದು ಹೆಮ್ಮೆಪಡುತ್ತೇವೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ದಕ್ಕತಕ್ಕದ್ದು ಎಂಬ ಅದರ ತಿರುಳನ್ನು ಮರೆಯುತ್ತೇವೆ. ಬಂಡೆಯ ಮೇಲಿನ ಮಾತಿಗೂ ಪುಸ್ತಕದ ಮಾತಿಗೂ ಇರುವ ಪರೀಕ್ಷೆ ಒಂದೇ. ಕಾದಂಬರಿಯನ್ನೋದಿ ಅತ್ತವರು ನಾಳೆ ಮನೆ ಬಾಡಿಗೆಗೆ ಕೇಳಿಕೊಂಡು ಬಂದವನ ಜಾತಿಯನ್ನು ವಿಚಾರಿಸದಿದ್ದರೆ, ಆ ಕಣ್ಣೀರು ನಿಜವಾದುದೆಂದು ನಂಬಬಹುದು.