ಯಾರನ್ನು ನಿಲ್ಲಿಸಿ ಹೋದೆವು?

ಗಂಡ ಹೆಂಡತಿ ಕೂಡಿ ತಮ್ಮ ಮೆಚ್ಚಿನ ರಾಕ್ ಬ್ಯಾಂಡಿನ ಕಾರ್ಯಕ್ರಮ ನೋಡಲು ಒಂದು ರಾತ್ರಿ ಮನೆ ಬಿಟ್ಟು ಹೋಗುವುದು ಸರಿಯೇ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಮೂವತ್ತು ವರ್ಷಗಳ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಇಂದು ಇದು ನಕ್ಕು ಬಿಡುವ ಮಾತಲ್ಲ. ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ಆ ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡದವರು ಬಂದು ಹಾಡಿ ಹೋದರು. 2025ರ ಜನವರಿ 25 ಮತ್ತು 26ರಂದು ಕೋಲ್ಡ್‌ಪ್ಲೇ ತಂಡ ಅಹಮದಾಬಾದಿನ ಕ್ರೀಡಾಂಗಣದಲ್ಲಿ ಹಾಡಿದಾಗ ಒಂದೊಂದು ರಾತ್ರಿಯೂ ಲಕ್ಷಕ್ಕಿಂತ ಹೆಚ್ಚು ಜನ ಸೇರಿದ್ದರು. ಆ ತಂಡದ ಭಾರತದ ಕಾರ್ಯಕ್ರಮಗಳ ಟಿಕೆಟ್ ಮಾರಾಟಕ್ಕೆ ಬಂದ ದಿನ ಮೊಬೈಲ್ ಹಿಡಿದು ಸಾಲಿನಲ್ಲಿ ಕಾದವರು ಒಂದು ಕೋಟಿಗೂ ಮಿಕ್ಕಿದ್ದರು. ಮೊಬೈಲಿನ ಆ ಸಾಲಿಗೆ ಬೆಂಗಳೂರು ಎಷ್ಟು ಹತ್ತಿರವೋ ಹುಳಿಯಾರೂ ಅಷ್ಟೇ ಹತ್ತಿರ.

ರಾತ್ರಿ ಮನೆ ಬಿಟ್ಟು ಆಟ ನೋಡಲು ಹೋಗುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ತಿಪಟೂರಿನಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲೇ ಗುಬ್ಬಿ ಇದೆ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪೆನಿ ನಾಡನ್ನೆಲ್ಲ ಸುತ್ತಿತು. ಅದರ ನಾಟಕ ನೋಡಲು ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲವಿತ್ತು. ಹಾಗಾಗಿ ಹೊಸದು ಎಂಬ ಒಂದೇ ಕಾರಣಕ್ಕೆ ಬೆದರಬೇಕಾಗಿಲ್ಲ, ಹಳೆಯದು ಎಂಬ ಒಂದೇ ಕಾರಣಕ್ಕೆ ಒಪ್ಪಬೇಕಾಗಿಯೂ ಇಲ್ಲ. ಪ್ರಶ್ನೆಯನ್ನು ಅದರ ತೂಕದಲ್ಲೇ ತೂಗಬೇಕು.

ನಮ್ಮಲ್ಲಿ ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಸಂಗೀತ ನಿಷಿದ್ಧ, ಮಾತು ಮುಗಿಯಿತು ಎಂಬುದು ಒಂದು. ಕಾಲ ಬದಲಾಗಿದೆ, ಮಕ್ಕಳನ್ನು ಕಟ್ಟಿಹಾಕಲಾಗದು ಎಂಬುದು ಇನ್ನೊಂದು. ಎರಡೂ ಯೋಚಿಸುವ ಶ್ರಮವನ್ನು ತಪ್ಪಿಸುತ್ತವೆ. ವಾದ್ಯ ಸಂಗೀತದ ವಿಷಯದಲ್ಲಿ ವಿದ್ವಾಂಸರೊಳಗೆ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ನಾಲ್ಕು ಮದ್‌ಹಬ್‌ಗಳ ಬಹುಸಂಖ್ಯಾತ ಪಂಡಿತರು ಹೆಚ್ಚಿನ ವಾದ್ಯಗಳನ್ನು ಒಪ್ಪಲಿಲ್ಲ. ಅಂದಲೂಸಿನ ಇಬ್ನ್ ಹಝ್ಮ್‌ರು ನಿಷೇಧದ ಪರವಾಗಿ ಉದ್ಧರಿಸುವ ವರದಿಗಳು ದೃಢವಾದವಲ್ಲ ಎಂದು ವಾದಿಸಿದರು. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಈ ವಿಷಯಕ್ಕೆಂದೇ ಒಂದು ದೀರ್ಘ ಅಧ್ಯಾಯವನ್ನು ಮೀಸಲಿಟ್ಟು, ಹಾಡಿನ ಮಾತು, ವಾದ್ಯ, ಕೇಳುವವನ ಹೃದಯದ ಸ್ಥಿತಿ ಇವೆಲ್ಲವನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿದರು. ಈ ಲೇಖನವು ಫತ್ವಾ ಅಲ್ಲ. ವಿಧಿಯನ್ನು ತಿಳಿಯಬಯಸುವವರು ತಾವು ನಂಬುವ ವಿದ್ವಾಂಸರನ್ನೇ ಕೇಳಬೇಕು. ಆದರೆ ಫತ್ವಾ ಯಾವುದೇ ಬರಲಿ, ಅದರ ನಂತರವೂ ಉಳಿಯುವ ಒಂದು ಪ್ರಶ್ನೆಯಿದೆ. ನಾವಿಲ್ಲಿ ಚರ್ಚಿಸುವುದು ಅದನ್ನೇ.

ಮದೀನಾದ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಒಂದನೆಯದು ಈದ್ ದಿನದ್ದು. ಅಬಿಸೀನಿಯದ ಜನರು ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಗುರಾಣಿ, ಈಟಿ ಹಿಡಿದು ಆಟವಾಡುತ್ತಿದ್ದರು. ಹ. ಆಯಿಶಾರಿಗೆ(ರ) ನೋಡುವ ಆಸೆಯಾಯಿತು. ಪ್ರವಾದಿವರ್ಯರು(ಸ) ಅವರಿಗೆ ಮರೆಯಾಗಿ ನಿಂತರು. ಹ. ಆಯಿಶಾ(ರ) ಅವರ ಹಿಂದೆ ನಿಂತು, ಕೆನ್ನೆಗೆ ಕೆನ್ನೆ ತಾಗಿಸಿ ಆಟ ನೋಡಿದರು. ಎಷ್ಟು ಹೊತ್ತು? ಅವರಿಗೇ ಬೇಸರ ಬರುವಷ್ಟು ಹೊತ್ತು. ಪ್ರವಾದಿವರ್ಯರು(ಸ) ಸಾಕೇ ಎಂದು ಕೇಳಿದರು. ಅವರು ಹೌದೆಂದ ಮೇಲೆ ಹೋಗಲು ಹೇಳಿದರು. ಈ ವಿವರಗಳು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಸ್ವತಃ ಹ. ಆಯಿಶಾರ(ರ) ಬಾಯಿಂದಲೇ ವರದಿಯಾಗಿವೆ. ಹರೆಯದ ಹುಡುಗಿಯೊಬ್ಬಳ ಆಟ ನೋಡುವ ಆಸೆಯನ್ನು ನೀವೇ ಅಂದಾಜು ಮಾಡಿಕೊಳ್ಳಿ ಎಂಬ ಅರ್ಥದ ಮಾತನ್ನೂ ಅವರು ಸೇರಿಸಿದ್ದಾರೆ.

ಎರಡನೆಯದು ಒಂದು ಶುಕ್ರವಾರದ್ದು. ಮದೀನಾದಲ್ಲಿ ಅಭಾವದ ದಿನಗಳು. ಪ್ರವಾದಿವರ್ಯರು(ಸ) ಮಿಂಬರಿನ ಮೇಲೆ ನಿಂತು ಖುತ್ಬಾ ನೀಡುತ್ತಿದ್ದಾಗ ವ್ಯಾಪಾರದ ಕಾಫಿಲಾ ಊರಿಗೆ ಬಂತು. ಅದರ ಬರವನ್ನು ಸಾರುವ ಡೋಲಿನ ಸದ್ದು ಕೇಳಿಸಿತೆಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ಜನ ಎದ್ದು ಅತ್ತ ಓಡಿದರು. ಉಳಿದವರು ಹನ್ನೆರಡು ಮಂದಿ. ಅಲ್‌ಜುಮುಅ ಅಧ್ಯಾಯದ ಕೊನೆಯ ಸೂಕ್ತ ಇದನ್ನು ಕುರಿತೇ ಅವತೀರ್ಣವಾಯಿತು. ವ್ಯಾಪಾರವನ್ನೋ ವಿನೋದವನ್ನೋ ಕಂಡಾಗ ಜನರು ಅತ್ತ ಧಾವಿಸಿ ಪ್ರವಾದಿಯನ್ನು(ಸ) ನಿಂತಲ್ಲೇ ಬಿಟ್ಟು ಹೋದರೆಂದು ಅಲ್ಲಾಹನು ಅಲ್ಲಿ ಎಚ್ಚರಿಸುತ್ತಾನೆ.

ಎರಡು ಕಡೆಯೂ ವಿನೋದವಿದೆ. ಎರಡು ಕಡೆಯೂ ಜನರ ಕಣ್ಣು ಕಿವಿಗಳನ್ನು ಸೆಳೆಯುವ ಆಕರ್ಷಣೆಯಿದೆ. ಎರಡು ಕಡೆಯೂ ಪ್ರವಾದಿವರ್ಯರು(ಸ) ನಿಂತೇ ಇದ್ದಾರೆ. ಒಂದು ಕಡೆ ತಮ್ಮ ಪತ್ನಿ ನೋಡಲೆಂದು ತಾವಾಗಿಯೇ ನಿಂತರು. ಇನ್ನೊಂದು ಕಡೆ ಜನ ಅವರನ್ನು ನಿಲ್ಲಿಸಿ ಹೋದರು. ಹಾಗಿದ್ದಲ್ಲಿ ವಿನೋದವನ್ನು ಅಳೆಯುವ ಒಂದು ಅಳತೆಗೋಲು ನಮಗೆ ಸಿಕ್ಕಂತಾಯಿತು. ಅಲ್ಲಿ ಏನಿತ್ತು ಎಂದು ಕೇಳಿದರಷ್ಟೇ ಸಾಲದು. ಅದಕ್ಕಾಗಿ ಯಾರನ್ನು ನಿಲ್ಲಿಸಿ ಹೋದೆವು ಎಂದೂ ಕೇಳಿಕೊಳ್ಳಬೇಕು.

ಈ ಅಳತೆಗೋಲನ್ನು ಹಿಡಿದು ತಿಪಟೂರಿನ ಒಂದು ಯುವ ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಗಂಡನಿಗೆ ಕೊಬ್ಬರಿ ವ್ಯಾಪಾರ. ಹೆಂಡತಿ ಕಾಲೇಜು ಓದಿದವಳು. ಆ ದಿನಗಳಿಂದಲೂ ಅವಳಿಗೊಂದು ಬ್ಯಾಂಡಿನ ಹಾಡುಗಳೆಂದರೆ ಪ್ರಾಣ. ಆ ತಂಡ ಬೆಂಗಳೂರಿಗೆ ಬರುವ ಸುದ್ದಿ ಬಂದಿದೆ. ಅವಳು ಹೋಗೋಣವೇ ಎಂದು ಕೇಳುತ್ತಾಳೆ.

ಮೊದಲು ನಿಲ್ಲಿಸಲ್ಪಡುವವಳು ಅವಳೇ. ಅವಳ ಗಂಡ ಗೆಳೆಯರೊಂದಿಗೆ ಕ್ರಿಕೆಟ್ ನೋಡಲು ಬೆಂಗಳೂರಿಗೆ ಹೋಗಿ ಬೆಳಗಿನ ಜಾವ ಮರಳಿದರೆ ಮನೆಯಲ್ಲಿ ಯಾರೂ ಶರೀಅತ್ತಿನ ಮಾತೆತ್ತುವುದಿಲ್ಲ. ಅವಳು ಕೇಳಿದ ದಿನ ಮಾತ್ರ ಎಲ್ಲರಿಗೂ ಧರ್ಮ ನೆನಪಾಗುತ್ತದೆ. ವಿರೋಧ ನಿಜಕ್ಕೂ ಸಂಗೀತಕ್ಕೋ, ಅವಳ ಆಸೆಗೋ ಎಂದು ಗಂಡಸರು ಎದೆ ಮುಟ್ಟಿ ಕೇಳಿಕೊಳ್ಳಬೇಕು. ಸಂಗೀತ ಬೇಡವೆಂದರೆ ಬೇರೇನು ಎಂಬ ಪ್ರಶ್ನೆಗೂ ಉತ್ತರ ಬೇಕಲ್ಲವೇ? ಮದುವೆಯಾಗಿ ಐದು ವರ್ಷವಾದರೂ ಹೆಂಡತಿಯನ್ನು ಒಂದು ಸಂಜೆ ಕೆರೆ ಏರಿಯ ಮೇಲೂ ಕರೆದೊಯ್ಯದವನು ಹರಾಮ್ ಎಂಬ ಒಂದೇ ಪದದಿಂದ ತನ್ನ ಸೋಮಾರಿತನವನ್ನು ಮುಚ್ಚಿಕೊಳ್ಳಬಾರದು. ನಮ್ಮ ಸೀಮೆಯವರಿಗೆ ಗೊತ್ತು, ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಹೆಂಡತಿಯ ಆಸೆಯನ್ನು ಅಟ್ಟಕ್ಕೆ ಹಾಕಿ ಮರೆತರೆ ನೀರಷ್ಟೇ ಇಂಗುತ್ತದೆ, ಕೊಬ್ಬರಿ ಸಿಗುವುದಿಲ್ಲ. ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮನೆಯನ್ನು ಮರೆತಾಗ ಸಲ್ಮಾನ್ ಫಾರಿಸಿ(ರ) ಅವರಿಗೆ ಪತ್ನಿಯ ಹಕ್ಕನ್ನು ನೆನಪಿಸಿದರು. ಪ್ರವಾದಿವರ್ಯರು(ಸ) ಸಲ್ಮಾನರ ಮಾತೇ ಸರಿಯೆಂದರು. ಆರಾಧನೆಯೇ ಪತ್ನಿಯ ಹಕ್ಕನ್ನು ಕಸಿಯುವಂತಿಲ್ಲವೆಂದ ಮೇಲೆ ವ್ಯಾಪಾರ ಮತ್ತು ಗೆಳೆಯರ ಮಾತೇನು?

ಎರಡನೆಯದಾಗಿ, ಹಣ. ಕೋಲ್ಡ್‌ಪ್ಲೇ ಕಾರ್ಯಕ್ರಮದ ಟಿಕೆಟ್ 2,500 ರೂಪಾಯಿಯಿಂದ ಶುರುವಾಗಿ 12,500ಕ್ಕೆ ಏರಿ, ಕೆಲವು ಆಸನಗಳಿಗೆ 35,000 ರೂಪಾಯಿ ಮುಟ್ಟಿತ್ತು. ಕಾಳಸಂತೆಯಲ್ಲಿ ಅದರ ಹಲವು ಪಟ್ಟು. 2024ರ ಹಂಗಾಮಿನಲ್ಲಿ ಒಂದು ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರ ಕೊಟ್ಟ ಬೆಂಬಲ ಬೆಲೆ 12,000 ರೂಪಾಯಿ. ಎಂದರೆ ವರ್ಷವಿಡೀ ಅಟ್ಟದಲ್ಲಿ ಕಾದು, ಸುಲಿಸಿ, ಒಡೆಸಿ, ಮಂಡಿಗೆ ಸಾಗಿಸಿದ ಒಂದು ಕ್ವಿಂಟಲ್ ಕೊಬ್ಬರಿ 12,500 ರೂಪಾಯಿಯ ಒಂದು ಟಿಕೆಟಿಗೂ ಸಾಲದು. 2023ರಲ್ಲಿ ಮಾರುಕಟ್ಟೆಯ ಬೆಲೆ ಬೆಂಬಲ ಬೆಲೆಗಿಂತಲೂ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದದ್ದನ್ನು ನಾವು ಮರೆತಿಲ್ಲ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಏರಿತು ನಿಜ. ಆದರೆ ಏರಿದ ಬೆಲೆ ಇಳಿಯುವುದು ನಮಗೆ ಹೊಸ ಅನುಭವವಲ್ಲ. ಹಾಗೆಂದು ಸಂತೋಷಕ್ಕೆ ಹಣ ಖರ್ಚು ಮಾಡುವುದೇ ತಪ್ಪೆಂದು ಹೇಳಲಾಗದು. ಆದರೆ ಕಾಯಿ ಸುಲಿದವನ ಕೂಲಿ, ಹಮಾಲಿಯ ಕೂಲಿ ಬಾಕಿಯಿರುವಾಗ, ಅಥವಾ ಸಾಲ ಮಾಡಿ, ಟಿಕೆಟ್ ಕೊಳ್ಳುವವನು ಅವರೆಲ್ಲರನ್ನೂ ಮನೆಯ ಬಾಗಿಲಲ್ಲಿ ನಿಲ್ಲಿಸಿ ಹೋದಂತೆ. ಕೂಲಿಯವನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿ(ಸ) ಬೋಧನೆ ಟಿಕೆಟಿನ ಸಾಲಿನಲ್ಲಿರುವವನಿಗೂ ಅನ್ವಯಿಸುತ್ತದೆ.

ಮೂರನೆಯದಾಗಿ, ಮನೆಯಲ್ಲಿರುವವರು. ಹಾಸಿಗೆ ಹಿಡಿದ ತಾಯಿ, ಎದೆಹಾಲಿನ ಮಗು ಇದ್ದರೆ ಆ ರಾತ್ರಿ ಅವರನ್ನು ನೋಡಿಕೊಳ್ಳುವವರು ಯಾರು? ಇದನ್ನು ವಿಚಾರಿಸದೆ ಹೊರಟರೆ ಅದು ಸಂತೋಷವಲ್ಲ, ತಪ್ಪಿಸಿಕೊಳ್ಳುವಿಕೆ. ಆದರೆ ಮನೆಯ ಹಿರಿಯರಿಗೂ ಒಂದು ಮಾತಿದೆ. ಸೊಸೆ ಮಗನೊಂದಿಗೆ ಹೊರಟಾಗಲೆಲ್ಲ ಅತ್ತೆಯ ರಕ್ತದೊತ್ತಡ ಏರುವುದಾದರೆ ಅದಕ್ಕೆ ಔಷಧಿ ಸೊಸೆಯ ಬಳಿ ಇಲ್ಲ. ಮಗುವನ್ನು ಒಂದು ರಾತ್ರಿ ತಾನು ನೋಡಿಕೊಳ್ಳುತ್ತೇನೆ, ಹೋಗಿ ಬನ್ನಿ ಎನ್ನುವ ಅತ್ತೆ ಕಳೆದುಕೊಳ್ಳುವುದು ಏನೂ ಇಲ್ಲ.

ನಾಲ್ಕನೆಯದು ನಮಾಝ್. ಇಂಥ ಕಾರ್ಯಕ್ರಮಗಳು ಸಾಮಾನ್ಯವಾಗಿ ಸಂಜೆಯೇ ಆರಂಭವಾಗುತ್ತವೆ. ಮಗ್ರಿಬ್‌ನ ಸಮಯ ಬಹಳ ಚಿಕ್ಕದು. ಜನ ಬಾಗಿಲಲ್ಲಿ ನೂಕಾಡುವ ಹೊತ್ತೂ ಅದೇ. ಪ್ರಯಾಣಿಕನಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ, ಬಿಟ್ಟುಬಿಡುವ ಅನುಮತಿ ಕೊಟ್ಟಿಲ್ಲ. ಶುಕ್ರವಾರದ ಆ ಕಾಫಿಲಾದ ಪಾಠ ನೇರವಾಗಿ ಅನ್ವಯಿಸುವುದು ಇಲ್ಲಿಯೇ. ಹಾಡುಗಾರನಿಗಾಗಿ ಮೂರು ತಾಸು ನಿಲ್ಲಬಲ್ಲ ಕಾಲುಗಳು ಮೂರು ರಕಅತಿಗೆ ನೋಯುವುದಾದರೆ ಸಮಸ್ಯೆ ಹಾಡಿನದ್ದಷ್ಟೇ ಅಲ್ಲ.

ಐದನೆಯದು ನಮ್ಮದೇ ಶರೀರ, ಅಲ್ಲಾಹನು ಕೊಟ್ಟ ಅಮಾನತು. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಕಾದಿದ್ದ ಜನ ಮಳೆ ಬಂತೆಂದು ಒಮ್ಮೆಗೇ ಒಳನುಗ್ಗಿದಾಗ ಮೆಟ್ಟಿಲುಗಳ ಮೇಲೆ ಬಿದ್ದು ನಾಲ್ವರು ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಹನ್ನೊಂದು ಮಂದಿ ಸತ್ತರು. ಅದು ಸಂಗೀತವಲ್ಲ, ಕ್ರಿಕೆಟ್ಟಿನ ವಿಜಯೋತ್ಸವ. ಹರಾಮ್ ಹಲಾಲ್ ಚರ್ಚೆಯಲ್ಲಿ ಕ್ರಿಕೆಟ್ಟನ್ನು ಸುಲಭವಾಗಿ ಪಾಸು ಮಾಡುವವರು ಇದನ್ನು ಗಮನಿಸಬೇಕು. ಅಂಥ ನೂಕುನುಗ್ಗಲಿನಲ್ಲಿ ಮುಂದಿರುವವರು ಹಿಂದಿನವರಿಗೆ ಕಾಣುವುದೇ ಇಲ್ಲ. ಹೆಂಡತಿಗೆ ಮರೆಯಾಗಿ ನಿಂತು ಆಟ ತೋರಿಸಿದ ಮಾದರಿಯನ್ನು ಒಪ್ಪಿದವನು ಅವಳನ್ನು ಇಂಥ ನೂಕಾಟದೊಳಕ್ಕೆ, ಕುಡಿದವರ ನಡುವೆಗೆ ಕರೆದೊಯ್ಯುವ ಮುನ್ನ ಎರಡು ಬಾರಿ ಯೋಚಿಸಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೆಂಡತಿಗೆ ಖುಷಿಯಾಗುವುದಾದರೆ ಎಲ್ಲವೂ ಸರಿ ಎಂದಂತಾಯಿತಲ್ಲ? ಹಾಗಲ್ಲ. ಈದ್ ದಿನ ಮಸೀದಿಯಲ್ಲಿ ನಡೆದದ್ದು ಈಟಿಯ ಆಟ. ಅದನ್ನು ತೋರಿಸಿ ಇಂದಿನ ಪ್ರತಿಯೊಂದು ರಂಗಸ್ಥಳಕ್ಕೂ ಅನುಮತಿ ಪತ್ರ ಬರೆಯಲಾಗದು. ಆದರೆ ಆ ಘಟನೆಯಿಂದ ಒಂದಂತೂ ಸ್ಪಷ್ಟ. ಹೆಂಡತಿಯ ಸಂತೋಷ ವಿಶ್ವಾಸಿಯ ಪಾಲಿಗೆ ಕ್ಷುಲ್ಲಕ ವಿಷಯವಲ್ಲ. ವಿದ್ವಾಂಸರನ್ನು ಕೇಳಿದ ಮೇಲೆ ಹೋಗಬಾರದೆಂಬ ನಿರ್ಧಾರಕ್ಕೆ ಬಂದ ಗಂಡನ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ.

ಏಕೆಂದರೆ ಅವಳು ಕೇಳಿದ್ದು ಹಾಡನ್ನಷ್ಟೇ ಆಗಿರಲಾರದು. ಅಹಮದಾಬಾದಿನ ಜನವರಿ 26ರ ಕಾರ್ಯಕ್ರಮ ಮೊಬೈಲಿನಲ್ಲಿ ನೇರ ಪ್ರಸಾರವಾಯಿತು. ಮನೆಯಲ್ಲೇ ಕುಳಿತು ನೋಡಬಹುದಿತ್ತು. ಆದರೂ ಲಕ್ಷ ಜನ ರೈಲು, ವಿಮಾನ ಹತ್ತಿ ಹೋದರು. ಹಾಡು ಕೇಳುವುದಕ್ಕೆ ಕ್ರೀಡಾಂಗಣ ಬೇಕಾಗಿಲ್ಲ. ತನ್ನ ಮೆಚ್ಚುಗೆಯನ್ನು ತನ್ನವರೊಂದಿಗೆ ಹಂಚಿಕೊಳ್ಳುವುದಕ್ಕೆ, ಒಲೆ, ಲೆಕ್ಕದ ಪುಸ್ತಕ, ನೆಂಟರ ದೂರು ಇವುಗಳಿಂದಾಚೆ ಒಂದು ರಾತ್ರಿಯಾದರೂ ಗಂಡನ ಪಕ್ಕದಲ್ಲಿರುವುದಕ್ಕೆ ಹೊರಗೆ ಹೋಗಬೇಕಾಗುತ್ತದೆ. ಅದೇ ಅವಳ ಬೇಡಿಕೆಯಾಗಿದ್ದರೆ ಅದಕ್ಕೆ ನಿಷೇಧವೆಲ್ಲಿದೆ? ದಂಪತಿಗಳ ನಡುವೆ ಪ್ರೀತಿ ಮತ್ತು ಕರುಣೆ ತನ್ನ ನಿದರ್ಶನಗಳಲ್ಲೊಂದೆಂದು ಅಲ್ಲಾಹನು ಅರ್‍ರೂಮ್ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಆ ನಿದರ್ಶನ ನಮ್ಮ ಮನೆಗಳಲ್ಲಿ ಕಾಣದಿದ್ದರೆ ಅದನ್ನು ಮರೆಮಾಡಿದವರು ನಾವೇ.

ಮದೀನಾದಲ್ಲಿ ಒಂದು ಇಡೀ ಸಮುದಾಯದ ಹೊಣೆ ಹೊತ್ತವರು ಪ್ರವಾದಿವರ್ಯರು(ಸ). ಯುದ್ಧ, ಸಂಧಿ, ಅನಾಥರು, ಅತಿಥಿಗಳು ಎಲ್ಲವೂ ಅವರ ಹೆಗಲ ಮೇಲಿತ್ತು. ಅಂಥವರಿಗೆ ಪತ್ನಿಗಾಗಿ ನಿಲ್ಲಲು ಪುರುಸೊತ್ತಿತ್ತು, ಸಾಕೇ ಎಂದು ಅವಳನ್ನೇ ಕೇಳುವ ತಾಳ್ಮೆಯಿತ್ತು. ನಮ್ಮ ಅಂಗಡಿ, ತೋಟ, ಮಂಡಿಗಳ ಕೆಲಸ ಅದಕ್ಕಿಂತ ದೊಡ್ಡದಲ್ಲ. ಈ ಲೇಖನ ಓದಿದ ಗಂಡಸರು ಇಂದು ರಾತ್ರಿ ಊಟವಾದ ಮೇಲೆ ಹೆಂಡತಿಗೆ ಏನು ಇಷ್ಟವೆಂದು ಒಮ್ಮೆ ಕೇಳಿ ನೋಡಲಿ. ಉತ್ತರ ಸಿಕ್ಕ ಮೇಲೆ ಹೋಗುವುದೋ ಬಿಡುವುದೋ ಇಬ್ಬರೂ ಕೂತು ತೀರ್ಮಾನಿಸಲಿ.