ಮಾಗದೆ ಕಳಚುವುದು

ಹೈದರಾಬಾದಿನ ಕುಷಾಯಿಗೂಡದ ಮಗ್ಗುಲಲ್ಲೇ, ಇಸಿಐಎಲ್ ಕ್ರಾಸ್‌ರೋಡ್‌ನ ಗದ್ದಲಕ್ಕೆ ಹತ್ತಿರದಲ್ಲಿ, 1971ರಲ್ಲಿ ಸ್ಥಾಪನೆಯಾದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ಇದೆ. ನಮ್ಮ ಕೈಗಾ ಸ್ಥಾವರದ ಇಂಧನದ ಕಟ್ಟುಗಳನ್ನು ಸಿದ್ಧಪಡಿಸುವುದು ಇಲ್ಲಿ. ಒಂದು ಕಟ್ಟೆಂದರೆ ಅರ್ಧ ಮೀಟರ್ ಉದ್ದದ ಹತ್ತೊಂಬತ್ತು ಲೋಹದ ಕೊಳವೆಗಳು, ಒಳಗೆ ಯುರೇನಿಯಂ ಆಕ್ಸೈಡಿನ ಗುಳಿಗೆಗಳು. ರಿಯಾಕ್ಟರಿಗೆ ಹೋಗುವ ಮೊದಲು ಅವನ್ನು ಗ್ಲೌಸ್ ಹಾಕಿದ ಕೈಯಲ್ಲೇ ಎತ್ತಬಹುದು.

ಹಾಗೆಂದು ಅವು ಸುಮ್ಮನಿರುವುದಿಲ್ಲ. ಒಂದು ಗ್ರಾಂ ಯುರೇನಿಯಂ-238ರಲ್ಲಿ ಸೆಕೆಂಡಿಗೆ ಸುಮಾರು 12,400 ನ್ಯೂಕ್ಲಿಯಸ್‌ಗಳು ಒಂದೊಂದು ಆಲ್ಫಾ ಕಣವನ್ನು ಹೊರಚೆಲ್ಲಿ ಥೋರಿಯಂ ಆಗುತ್ತವೆ. ಇಷ್ಟಾದರೂ ಯುರೇನಿಯಂ ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಹತ್ತಿರದ ಮೌಲಾಲಿ ಗುಡ್ಡದ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಬಂಡೆ ಗಟ್ಟಿಯಾದಾಗ ಸೇರಿಕೊಂಡಿದ್ದ ಯುರೇನಿಯಂ-238ರಲ್ಲಿ ಮೂರರಲ್ಲಿ ಎರಡು ಪಾಲು ಇವತ್ತಿಗೂ ಅಲ್ಲೇ ಇದೆ.

ಹೊರಟವು ಯಾಕೆ ಹೊರಟವು? ಉಳಿದವು ಯಾಕೆ ಉಳಿದವು? ಕಾಲ ಕೂಡಿಬರಬೇಕು ಎಂದು ನಂಬಿ ಬೆಳೆದವರು ನಾವು. ಮಾಗಿದ ಹಣ್ಣು ತೊಟ್ಟು ಕಳಚಿಕೊಳ್ಳುವುದು ನಮಗೆ ಅರ್ಥವಾಗುತ್ತದೆ. ನ್ಯೂಕ್ಲಿಯಸ್ ಮಾಗುವುದೇ ಇಲ್ಲ. 250 ಕೋಟಿ ವರ್ಷ ಕಾದದ್ದಕ್ಕೂ ಈಗಷ್ಟೇ ಹುಟ್ಟಿದ ಅದರದೇ ಜಾತಿಯದಕ್ಕೂ ಮುಂದಿನ ಕ್ಷಣ ಒಡೆಯುವ ಸಾಧ್ಯತೆ ಒಂದೇ. ಕಾದಿದ್ದಕ್ಕೆ ಅಲ್ಲಿ ಲೆಕ್ಕವಿಲ್ಲ.

1928ರಲ್ಲಿ ಭೌತವಿಜ್ಞಾನಿ ಗ್ಯಾಮೋವ್, ಅವರಿಂದ ಸ್ವತಂತ್ರವಾಗಿ ಗರ್ನಿ ಮತ್ತು ಕಾಂಡನ್, ಈ ಬಿಡುಗಡೆಯ ದಾರಿಯನ್ನು ಕಂಡರು. ಆಲ್ಫಾ ಕಣಕ್ಕೆ ತನ್ನ ಸುತ್ತಲಿನ ಶಕ್ತಿಯ ತಡೆಯನ್ನು ಹತ್ತಿ ದಾಟುವಷ್ಟು ಬಲವಿಲ್ಲ. ಆದರೂ ಕ್ವಾಂಟಂ ನಿಯಮದಂತೆ, ಅದು ತಡೆಯ ಆಚೆ ಕಾಣಿಸಿಕೊಳ್ಳುವ ಸಂಭವ ಪೂರ್ತಿ ಸೊನ್ನೆಯಲ್ಲ. ಎಷ್ಟು ಸಂಭವ ಎಂಬುದು ಗಣಿತಕ್ಕೆ ಸಿಗುತ್ತದೆ, ಯಾವುದು ಮತ್ತು ಯಾವಾಗ ಎಂಬುದು ಸಿಗುವುದಿಲ್ಲ. ಇದು ನಮ್ಮ ತಿಳಿವಿನ ಕೊರತೆಯಲ್ಲ, ಜಗತ್ತು ಇರುವುದೇ ಹೀಗೆ ಎಂದು ಬಹುಪಾಲು ಭೌತವಿಜ್ಞಾನಿಗಳು ಒಪ್ಪುತ್ತಾರೆ. ನನಗೆ ಇದು ಹಣೆಬರಹಕ್ಕಿಂತಲೂ ಕಠಿಣವಾಗಿ ತೋರುತ್ತದೆ. ಹಣೆಬರಹದಲ್ಲಿ ಬರೆದವನಾದರೂ ಇದ್ದಾನೆ.

ಕೈಗಾದಲ್ಲಿ ಇದೇ ಗುಳಿಗೆಯೊಳಗಿನ ಯುರೇನಿಯಂ-235ಕ್ಕೆ ನ್ಯೂಟ್ರಾನು ತಾಗಿದರೆ ಅದು ಸೀಳಬಲ್ಲದು. ಆ ಸೀಳುವಿಕೆಯನ್ನು ಎಂಜಿನಿಯರುಗಳು ಏರಿಸಬಲ್ಲರು, ಇಳಿಸಬಲ್ಲರು, ನಿಲ್ಲಿಸಬಲ್ಲರು. ಅದರ ಪಕ್ಕದಲ್ಲೇ, ಅಷ್ಟೇ ಕಾವಿನಲ್ಲಿ, 238ರ ಒಂದು ನ್ಯೂಕ್ಲಿಯಸ್ ತಾನಾಗಿ ಆಲ್ಫಾ ಕಣವನ್ನು ಬಿಡುವ ಗಳಿಗೆಯನ್ನು ರಿಯಾಕ್ಟರಿನ ಕಾವಾಗಲಿ ಒತ್ತಡವಾಗಲಿ ಹಿಂದುಮುಂದು ಮಾಡಲಾರದು.